ಬೀರಾನ್ ಕೋಯನ ಮಾಳಿಗೆಯ ಗುಂಯ್ ಸದ್ದು

ಕೋಝಿಕೋಡಿನ ಕುಟ್ಟಿಚ್ಚಿರದಲ್ಲಿ ಗಂಡಸು ಮದುವೆಯಾದ ದಿನ ಪುಯ್ಯಾಪ್ಳ, ಅಂದರೆ ಹೊಸ ಅಳಿಯ. ಗಡ್ಡ ನರೆತು ಹಲ್ಲು ಸಡಿಲವಾದ ಮೇಲೂ ಅವನು ಪುಯ್ಯಾಪ್ಳನೇ. ಹಳಬನಾಗಲು ಅವನಿಗೆ ಇಲ್ಲಿ ದಾರಿಯೇ ಇಲ್ಲ. ಹೆಣ್ಣು ಹುಟ್ಟಿದ ಮನೆ ಬಿಟ್ಟು ಹೋಗುವುದಿಲ್ಲ, ಗಂಡ ಅಲ್ಲಿಗೆ ಬರುತ್ತಾನೆ. ಅವನಿಗೆಂದು ಒಂದು ಕೋಣೆ, ಒಂದು ಮಂಚ, ಎಲ್ಲರಿಗಿಂತ ದೊಡ್ಡದೊಂದು ತಟ್ಟೆ. ಆ ತಟ್ಟೆಗೆ ಪತ್ತಿರಿ, ಅಂದರೆ ಅಕ್ಕಿ ರೊಟ್ಟಿ, ಬೀಳುತ್ತಲೇ ಇರುತ್ತದೆ, ಸಾಕು ಅಂದರೂ ಬೀಳುತ್ತದೆ. ಆದರೆ ಪುಯ್ಯಾಪ್ಳ ತಾನಾಗಿ ಬಾಯಿಬಿಟ್ಟು ಏನನ್ನೂ ಕೇಳಬಾರದು. ಅವನು ಉಪ್ಪು ಬೇಕು ಅಂದರೆ ಸಾಕು, ಉಪ್ಪು ಕೇಳುವ ಗತಿ ಬಂತಲ್ಲ ಅವನಿಗೆ ಅಂತ ಮನೆಯ ಹೆಂಗಸರು ತಲೆ ತಗ್ಗಿಸುತ್ತಾರೆ. ಹಾಗಾಗಿ ಕುಟ್ಟಿಚ್ಚಿರದಲ್ಲಿ ಸಪ್ಪೆ ಸಾರು ಉಂಡು ಬಾಯಿ ಚಪ್ಪರಿಸಿದ ಗಂಡಸರು ಬಹಳ ಮಂದಿ ಇದ್ದಾರೆ.

ಬೀರಾನ್ ಕೋಯ ಆ ಪೈಕಿ ಮೊದಲ ಸಾಲಿನವನು. ವಲಿಯಂಗಾಡಿಯ ಕೊಬ್ಬರಿ ಮಂಡಿಯಲ್ಲಿ ಆಯುಷ್ಯವೆಲ್ಲ ಕೊಬ್ಬರಿ ನೋಡುವ ಕೆಲಸ ಮಾಡಿದವನು. ಒಂದು ಹೋಳು ಮುರಿದು ಕಿವಿಯ ಹತ್ತಿರ ಹಿಡಿದನೆಂದರೆ ಒಣಗಿದೆಯೋ ಇಲ್ಲವೋ ಅಂತ ಹೇಳುತ್ತಿದ್ದ. ಮಂಡಿಯಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ಸಂಜೆ ಹೆಂಡತಿಯ ಮನೆಯ ಹೊಸ್ತಿಲು ದಾಟಿದ ಕೂಡಲೇ ಆ ಬಾಯಿ ಮುಚ್ಚಿಹೋಗುತ್ತಿತ್ತು. ಮದುವೆಯಾಗಿ ಮೂವತ್ತು ವರ್ಷ ಕಳೆದರೂ ಅವನು ಅದನ್ನು ‘ಮರಿಯಂಬಿಯ ಮನೆ’ ಅಂತಲೇ ಅನ್ನುತ್ತಿದ್ದ.

ಮರಿಯಂಬಿ ಅವನ ಹೆಂಡತಿ. ಮಕ್ಕಳಾಗಲಿಲ್ಲ. ಆದರೆ ಕೋಣೆ ತುಂಬ ಹಾಡಿತ್ತು. ಮಿಠಾಯಿ ಬೀದಿಯಲ್ಲಿ ಹುಡುಕಿ ತಂದ ಹಳೆಯ ಹಿಂದಿ ಹಾಡುಗಳ ರೆಕಾರ್ಡುಗಳು, ಗಜಲುಗಳು, ಕೈಯಿಂದ ಜೋಡಿಸಿದ ಒಂದು ಆಂಪ್ಲಿಫೈಯರ್, ಕಪಾಟಿನಷ್ಟು ಎತ್ತರದ ಎರಡು ಸ್ಪೀಕರ್. ರೆಕಾರ್ಡು ತಿರುಗಿಸುವ ಯಂತ್ರವನ್ನು ಮರಿಯಂಬಿಯ ಅಣ್ಣ ಕುವೈತಿನಿಂದ ಹೊತ್ತು ತಂದಿದ್ದ. ಇಡೀ ಮೈ ಲೋಹದ್ದು, ಎತ್ತಿದರೆ ಸೊಂಟ ಹಿಡಿದುಕೊಳ್ಳಬೇಕು. ಇಳಿಹೊತ್ತಿನ ಅಸ್ರ್ ನಮಾಜು ಮುಗಿಸಿ ಬೀರಾನ್ ಕೋಯ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದರೆ ಮರಿಯಂಬಿ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಕೂತು ಕೇಳು ಅಂದರೆ, "ಒಲೆ ಮೇಲೆ ಪಾತ್ರೆ ಉಂಟು," ಅನ್ನುತ್ತಿದ್ದಳು. ಹಾಡು ಮುಗಿಯುವವರೆಗೂ ಅಲ್ಲೇ ನಿಂತಿರುತ್ತಿದ್ದಳು. ಪಾತ್ರೆಯ ಕಥೆ ಏನಾಗುತ್ತಿತ್ತೋ ದೇವರೇ ಬಲ್ಲ. ಹಾಡು ಶುರುವಾಗುವ ಮುಂಚೆ ರೆಕಾರ್ಡಿನಲ್ಲಿ ಚಟಚಟ ಅನ್ನುತ್ತದಲ್ಲ, ಅದೇ ಅವಳಿಗೆ ಹೆಚ್ಚು ಇಷ್ಟ. "ಇದರೊಳಗೆ ಯಾರೋ ಸಾಸಿವೆ ಸಿಡಿಸ್ತಿದ್ದಾರೆ," ಅಂತ ನಗುತ್ತಿದ್ದಳು.

ಅವಳು ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡಳು.

ಹೆಂಡತಿ ಸತ್ತ, ಮಕ್ಕಳಿಲ್ಲದ ಪುಯ್ಯಾಪ್ಳ ಏನು ಮಾಡಬೇಕು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸತ್ತವಳ ನಲವತ್ತನೆಯ ದಿನ ಕಳೆದ ಮೇಲೆ ಅವನು ಒಂದು ಚೀಲ ಹಿಡಿದು ತನ್ನ ತಾಯಿಮನೆಯ ಕಡೆ ನಡೆಯುತ್ತಾನೆ, ಅಷ್ಟೇ. ಬೀರಾನ್ ಕೋಯನ ತಾಯಿಮನೆ ಮುಖದಾರಿನಲ್ಲಿತ್ತು, ತಂಗಿ ಅಲ್ಲಿ ಅವನಿಗಾಗಿ ಒಂದು ಕೋಣೆ ಗುಡಿಸಿ ಇಟ್ಟಿದ್ದಳು. ಅವನು ಇವತ್ತು ನಾಳೆ ಅನ್ನುತ್ತಾ ಕಳೆದ. ನಿಜ ಹೇಳಬೇಕೆಂದರೆ ಅವನಿಗೆ ಹೋಗಲು ಮನಸ್ಸಿರಲಿಲ್ಲ. ಮರಿಯಂಬಿ ಒರಗಿ ನಿಂತ ಬಾಗಿಲು ಇಲ್ಲಿತ್ತು. ಇರಿ ಅಂತ ಯಾರಾದರೂ ಅಂದರೆ ಇದ್ದುಬಿಡುತ್ತಿದ್ದ. ಆದರೆ ಹೋಗುವವನನ್ನು ತಡೆಯುವುದು ಈ ಮನೆಗಳಲ್ಲಿ ಮರ್ಯಾದೆಯಲ್ಲ, ಇರುತ್ತೇನೆ ಅಂತ ಪುಯ್ಯಾಪ್ಳ ಹೇಳುವುದು ಅದಕ್ಕಿಂತ ಮರ್ಯಾದೆಗೇಡು.

ಮನೆಯ ಯಜಮಾನಿಕೆ ಈಗ ಮರಿಯಂಬಿಯ ತಂಗಿ ಕದೀಶಾಬಿಯದು. ಗಂಡ ಎಂದೋ ತೀರಿಹೋಗಿದ್ದ, ಒಬ್ಬಳೇ ಮಗಳು ಜಸೀಲ. ಆ ಜಸೀಲಳಿಗೆ ಮದುವೆ ಗೊತ್ತಾಯಿತು. ಹೊಸ ಪುಯ್ಯಾಪ್ಳನಿಗೆ ಕೋಣೆ ಬೇಕು. ಮನೆಯಲ್ಲಿ ಒಳ್ಳೆಯದೆಂದರೆ ಮರಿಯಂಬಿಯ ಕೋಣೆಯೇ. ಭಾವನನ್ನು ಕದೀಶಾಬಿ ಅಳಿಯಾಕ ಅನ್ನುತ್ತಿದ್ದಳು. ಬಾಗಿಲ ಹಿಂದೆ ನಿಂತು, ಎದುರಿನ ಕಂಬವನ್ನು ನೋಡುತ್ತಾ ಹೇಳಿದಳು:

"ಅಳಿಯಾಕ, ಮೇಲಿನ ಮಾಳಿಗೆಗೆ ಸುಣ್ಣ ಹೊಡೆಸಿದ್ದೇನೆ. ಗಾಳಿ ಚೆನ್ನಾಗಿ ಬರ್ತದೆ. ನಿಮ್ಮ ಪೆಟ್ಟಿಗೆಗಳಿಗೂ ಜಾಗ ಉಂಟು."

"ಸಾಕು, ಸಾಕು. ನನಗೆಂತ, ಒಂದು ಚಾಪೆ ಸಾಕು," ಅಂದ ಬೀರಾನ್ ಕೋಯ. ಮದುವೆ ಮುಗಿಯುವವರೆಗೆ ಮಾಳಿಗೆಯಲ್ಲಿದ್ದು, ಆಮೇಲೆ ಮುಖದಾರಿಗೆ ಹೋಗುವುದು ಅಂತ ಆ ಕ್ಷಣವೇ ಮನಸ್ಸಿನಲ್ಲಿ ನಿಶ್ಚಯಿಸಿದ.

ಮಾಳಿಗೆ ನಿಜಕ್ಕೂ ಚೆನ್ನಾಗಿತ್ತು. ಮಂಚದ ಹತ್ತಿರ ಒಂದು ಪ್ಲಗ್, ಎದುರು ಗೋಡೆಯ ಕಿಟಕಿಯ ಹತ್ತಿರ ಇನ್ನೊಂದು. ಆಂಪ್ಲಿಫೈಯರ್ ಮಂಚದ ಕಡೆ ಇಟ್ಟ, ರೆಕಾರ್ಡಿನ ಯಂತ್ರವನ್ನು ಕಿಟಕಿಯ ಕಟ್ಟೆಯ ಮೇಲೆ. ನಡುವೆ ಹಾಡಿನ ವಯರ್ ಎಳೆದ. ಬಿಸ್ಮಿ ಹೇಳಿ ಸ್ವಿಚ್ ಹಾಕಿದ.

ಗುಂಯ್.

ಕೊಬ್ಬರಿ ಗೋದಾಮಿನಲ್ಲಿ ಕಣಜ ಸೇರಿಕೊಂಡರೆ ಬರುತ್ತದಲ್ಲ, ಅಂಥ ಸದ್ದು. ಮುಳ್ಳು ಇಳಿಸುವ ಮುಂಚೆಯೂ ಇದೆ, ಇಳಿಸಿದ ಮೇಲೂ ಇದೆ. ಆ ಚಟಚಟ ಅದರಡಿ ಮುಚ್ಚಿಹೋಯಿತು. ಮರಿಯಂಬಿಯ ಸಾಸಿವೆ ಕೇಳಿಸಲೇ ಇಲ್ಲ. ಬೀರಾನ್ ಕೋಯ ಸ್ವಿಚ್ ಆರಿಸಿ ಮಂಚದ ಮೇಲೆ ಕೂತ. ಕೆಳಗಿನ ಕೋಣೆಯಲ್ಲಿ ಇಷ್ಟು ವರ್ಷ ಒಂದು ದಿನವೂ ಇಲ್ಲದ್ದು ಇಲ್ಲಿಗೆ ಬಂದ ಕೂಡಲೇ ಹೇಗೆ ಬಂತು? ಮನೆಗೇ ತಾನು ಸಾಕಾಗಿದ್ದೇನೆ ಅಂತ ಅವನಿಗೆ ಅನ್ನಿಸಿತು. ದುಃಖದಲ್ಲಿರುವ ಮನುಷ್ಯನಿಗೆ ಗೋಡೆಯೂ ಮಾತಾಡಿದ ಹಾಗೆ ಕಾಣುತ್ತದೆ.

ಇಂಥ ಹೊತ್ತಿನಲ್ಲಿ ಅವನಿಗೆ ಇದ್ದವನು ಅಸೈನಾರ್ ಒಬ್ಬನೇ. ಮಿಠಾಯಿ ಬೀದಿಯ ಮೂಲೆಯಲ್ಲಿ ಅಂಗಿ ಹೊಲಿಯುವವನು, ಬೀರಾನ್ ಕೋಯನ ಹಾಡಿನ ಗೆಳೆಯ. ಅಸೈನಾರನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿಲ್ಲ, ಸರಿಯಾಗಿ ಗೊತ್ತಿರುವ ವಿಷಯವೂ ಹೆಚ್ಚಿಲ್ಲ. ಮಾಳಿಗೆಗೆ ಹತ್ತಿ ಬಂದು, ಸ್ಪೀಕರಿಗೆ ಕಿವಿ ಹಚ್ಚಿ, ಡಾಕ್ಟರನ ಹಾಗೆ ಕಣ್ಣು ಮುಚ್ಚಿದ.

"ಇದು ಸ್ಪೀಕರ್ ವಯರಿನದ್ದೇ ಮಾರಾಯ. ಇಲಿ ಕಡಿದಿದೆ."

"ಇಲಿ ಕಡಿದ್ರೆ ಹಾಡು ನಿಲ್ಲಬೇಕು, ಗುಂಯ್ ಅಂತ ಯಾಕೆ ಅನ್ನಬೇಕು?"

"ನೀನು ಕೊಬ್ಬರಿ ನೋಡಿದವನು, ನಿನಗೆಂತ ಗೊತ್ತು?"

ವಯರ್ ಬದಲಾಯಿಸಿದರು. ಗುಂಯ್. ಸ್ಪೀಕರನ್ನು ಈ ಗೋಡೆಯಿಂದ ಆ ಗೋಡೆಗೆ ದರದರ ಎಳೆದರು. ಗುಂಯ್. ಮೇಲಿನ ಎಳೆದಾಟ ಕೆಳಗೆ ಕೇಳಿದ ಕದೀಶಾಬಿ, ಮಂಚ ಸಣ್ಣದಾಗಿರಬೇಕು ಅಳಿಯಾಕನಿಗೆ, ಪಾಪ ಜಾಗ ಸರಿಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡಳು. ಮರುದಿನ ನಾಲ್ಕು ಜನ ಹೊತ್ತು ತಂದ ದೊಡ್ಡ ಮಂಚ ಮಾಳಿಗೆಗೆ ಬಂತು. ಬೀರಾನ್ ಕೋಯನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆಮೇಲೆ ಅವನು ಒಬ್ಬನೇ, ಸದ್ದಿಲ್ಲದೆ, ಹುಡುಕತೊಡಗಿದ. ಗೋಡೆಗೆ ಕಿವಿ ಇಟ್ಟು ಕೇಳಿದ, ಕೆಳಗಿನ ಫ್ರಿಜ್ಜಿನ ಸದ್ದೇ ಮೇಲೆ ಬರುತ್ತಿದೆಯೇನೋ ಅಂತ. ಚಹಾ ತಂದ ಕೆಲಸದವಳು ಅದನ್ನು ನೋಡಿದಳು. ಸಂಜೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಒಂದು ಬಟ್ಟಲಲ್ಲಿ ಬಂತು, ಕಿವಿಗೆ ಬಿಡಲು. ಕಳಿಸಿದ್ದು ಪ್ರೀತಿಯಿಂದ, ಹಾಗಾಗಿ ಬೀರಾನ್ ಕೋಯ ಬಿಟ್ಟುಕೊಂಡ. ನೋವಿಲ್ಲದ ಕಿವಿ ಎರಡು ದಿನ ಜಿಡ್ಡಾಗಿತ್ತು.

ಅಸೈನಾರ್ ಹೊಸ ಸುದ್ದಿ ತಂದ.

"ಯಾರೋ ಬಲ್ಲವರು ಹೇಳಿದ್ರು. ಇದೆಲ್ಲ ಅರ್ತಿನ ಕಥೆ. ನೆಲಕ್ಕೆ ಹೋಗುವ ತಂತಿ ಉಂಟಲ್ಲ, ಅದರ ಗುಂಡಿ ಒಣಗಿರ್ತದೆ. ಉಪ್ಪು ಹಾಕಿ ನೀರು ಹೊಯ್ಯಬೇಕು."

"ಬಾವಿ ಹತ್ರ ಒಂದು ಗುಂಡಿ ಉಂಟು."

"ಅದೇ. ಹೊಯ್ಯಿ."

ಉಪ್ಪನ್ನು ಮನೆಯಲ್ಲಿ ಕೇಳುವ ಹಾಗಿಲ್ಲ. ಅಸೈನಾರ್ ಅಂಗಿಯೊಳಗೆ ಬಚ್ಚಿಟ್ಟು ಒಂದು ಪೊಟ್ಟಣ ತಂದುಕೊಟ್ಟ. ನೆರೆಯ ಗಂಡಸರೆಲ್ಲ ಮಸೀದಿಯಲ್ಲಿರುವ ಹೊತ್ತು ನೋಡಿ ಬೀರಾನ್ ಕೋಯ ಬಾವಿಯಿಂದ ನೀರು ಸೇದಿ ಗುಂಡಿಗೆ ಹೊಯ್ದ. ಗಂಡಸರಿಲ್ಲದಿದ್ದರೇನು, ಹೆಂಗಸರು ಇದ್ದರಲ್ಲ. ಅಡುಗೆಮನೆಯ ಜಾಲರಿಯ ಹಿಂದಿನಿಂದ ಕದೀಶಾಬಿ ಕಂಡಳು: ಅಳಿಯಾಕ, ತನ್ನ ಇತ್ತಾನ ಅಂದರೆ ಅಕ್ಕನ ಗಂಡ, ಈ ವಯಸ್ಸಿನಲ್ಲಿ ತಾನೇ ನೀರು ಸೇದುತ್ತಿದ್ದಾರೆ. ಮೇಲೆ ಸ್ನಾನಕ್ಕೆ ನೀರು ಸಾಲುತ್ತಿಲ್ಲ ಅಂತಾಯಿತಲ್ಲ. ಅಂದಿನಿಂದ ದಿನಾ ಎರಡು ಹೊತ್ತು ಬಿಸಿನೀರಿನ ಬಕೆಟ್ ಮೆಟ್ಟಿಲು ಹತ್ತತೊಡಗಿತು. ಬೀರಾನ್ ಕೋಯ ಬೇಡ ಅನ್ನಲಾರದೆ ಎರಡು ಹೊತ್ತೂ ಮಿಂದ. ಗುಂಯ್ ಮಾತ್ರ ಹೋಗಲಿಲ್ಲ.

ಕೊನೆಗೆ ಒಂದು ಸುಳಿವು ಸಿಕ್ಕಿತು. ರೆಕಾರ್ಡಿನ ಯಂತ್ರದ ಪ್ಲಗ್ ಕಿತ್ತರೆ ಗುಂಯ್ ಹೋಗುತ್ತದೆ, ಹಾಕಿದರೆ ಬರುತ್ತದೆ. ಹಾಗಾದರೆ ಯಂತ್ರದ್ದೇ ದೋಷ. ಅದನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ, ಹೆಗಲಿಗೇರಿಸಿ, ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ನಡು ಅಂಗಳ ದಾಟಿ ರಿಕ್ಷಾದಲ್ಲಿ ಇಟ್ಟ. ರೇಡಿಯೋ ರಿಪೇರಿಯವನು ಅದನ್ನು ತನ್ನ ಆಂಪ್ಲಿಫೈಯರಿಗೆ ಜೋಡಿಸಿದ. ಮುಳ್ಳು ಇಳಿಯಿತು. ಚಟಚಟ, ಆಮೇಲೆ ಹಾಡು. ಗುಂಯ್ ಅನ್ನುವುದರ ಸುಳಿವೇ ಇಲ್ಲ.

"ಇದಕ್ಕೆ ಎಂತದೂ ಆಗಿಲ್ಲ ಇಕ್ಕ. ಮನೆಗೆ ತಕೊಂಡು ಹೋಗಿ."

ಮನೆಗೆ ತಂದ. ಹಾಕಿದ. ಗುಂಯ್.

ಅವತ್ತು ಬೀರಾನ್ ಕೋಯನ ಎದೆ ಒಡೆಯಿತು. ಊರಲ್ಲೆಲ್ಲ ಸರಿಯಾಗಿ ಹಾಡುವ ಯಂತ್ರ ಈ ಮನೆಯಲ್ಲಿ ಮಾತ್ರ ಹಾಡುವುದಿಲ್ಲ ಅಂದರೆ ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕು? ಮದುವೆ ಆಗಲಿ, ಹೊರಟುಬಿಡುತ್ತೇನೆ ಅಂತ ಯಂತ್ರಕ್ಕೆ ಬಟ್ಟೆ ಮುಚ್ಚಿದ. ಎರಡು ವಾರ ಆ ಬಟ್ಟೆ ತೆಗೆಯಲಿಲ್ಲ. ಇನ್ನೊಂದು ಪ್ಲಗ್ಗಿಗೆ ಹಾಕಿ ನೋಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮಂಚದ ಹತ್ತಿರ ಇದ್ದ ಒಂದೇ ಪ್ಲಗ್ಗನ್ನು ಆಂಪ್ಲಿಫೈಯರ್ ಹಿಡಿದಿತ್ತು, ಯಂತ್ರದ ವಯರ್ ಬೇರೆ ಮೊಳದುದ್ದ, ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. ಉದ್ದದ ವಯರ್ ಬೇಕು ಅಂತ ಮನೆಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಒಂದು ಮಾತೇ ಅಲ್ಲವೇ ಅವನ ಬಾಯಿಂದ ಹೊರಡದ್ದು.

ಒಂದು ಸಂಜೆ ಜಸೀಲ ಚಹಾ ಹಿಡಿದು ಬಂದಳು. ಮದುಮಗಳಾಗುವ ಹುಡುಗಿ, ಕೈತುಂಬ ಮದರಂಗಿಯ ಹಸಿ ವಾಸನೆ. ಲೋಟ ಇಟ್ಟು ಹೋಗದೆ ದೊಡ್ಡಪ್ಪನ ಎದುರೇ ನಿಂತಳು.

"ಮೂತ್ತಾಪ್ಪ, ಒಂದು ಕೇಳಲಾ?"

"ಕೇಳು ಮೋಳೇ."

"ನನ್ನ ಮೇಲೆ ಸಿಟ್ಟಾ? ನನ್ನ ಮದುವೆಗೆ ಅಂತ ನಿಮ್ಮ ಕೋಣೆ ತಕೊಂಡೆವು. ಅದಕ್ಕೇ ಹಾಡು ನಿಲ್ಲಿಸಿದ್ದಾ?"

"ಅಯ್ಯೋ ಅಲ್ಲಾಹ್. ನಿನ್ನ ಮೇಲೆ ನನಗೆಂತ ಸಿಟ್ಟು?"

"ಮತ್ತೆ ಅವತ್ತು ಪೆಟ್ಟಿಗೆ ಚಾದರದಲ್ಲಿ ಸುತ್ತಿ ಹೊತ್ತುಕೊಂಡು ಹೋದ್ರಲ್ಲ. ನೀವು ಮುಖದಾರಿಗೆ ಸಾಮಾನು ಸಾಗಿಸ್ಲಿಕ್ಕೆ ಶುರು ಮಾಡಿದ್ರಿ ಅಂತ ಉಮ್ಮ ಅಡುಗೆಮನೆಯಲ್ಲಿ ಕೂತು ಅತ್ತರು. ಸಂಜೆ ನೀವು ವಾಪಸ್ ಬಂದಾಗ ಎರಡು ರಕಅತ್ ನಮಾಜು ಮಾಡಿದ್ರು. ಕೇಳಿದ್ರೆ ಈರುಳ್ಳಿ ಕಣ್ಣಿಗೆ ಹೋಯ್ತು ಅಂತಾರೆ. ಅವತ್ತು ನಮ್ಮಲ್ಲಿ ಮೀನು ಹುರಿದದ್ದು ಮಾತ್ರ, ಈರುಳ್ಳಿ ಎಲ್ಲಿಂದ ಬಂತು?"

ಬೀರಾನ್ ಕೋಯ ಚಹಾ ಲೋಟ ಹಿಡಿದವನು ಹಿಡಿದೇ ಕೂತ. ಕದೀಶಾಬಿ ಅತ್ತಳು. ತಾನು ಹೋಗುತ್ತೇನೆಂದು. ಇದನ್ನು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಲೋಟ ಕೆಳಗಿಟ್ಟ.

"ಸಿಟ್ಟಿಲ್ಲ ಮೋಳೇ. ಪೆಟ್ಟಿಗೆ ಗುಂಯ್ ಅಂತದೆ, ಅಷ್ಟೇ."

"ಗುಂಯ್ ಅಂದ್ರೆ ಅನ್ನಲಿ. ನಾಳೆ ಪಲಹಾರ ಮಾಡ್ಲಿಕ್ಕೆ ಎಲ್ಲರೂ ಸೇರ್ತಾರೆ. ಮರಿಯಂಬಿ ಮೂತ್ತಮ್ಮನಿಗೆ ಇಷ್ಟದ್ದು ಒಂದು ಹಾಕಿ. ನನಗೋಸ್ಕರ."

ಮರುದಿನ ಮಧ್ಯಾಹ್ನ ಕೆಳಗೆ ಹೆಂಗಸರ ಸಂತೆ. ಮೊಟ್ಟೆಯ ಹಳದಿ ಬೇರೆ ಮಾಡುವವರು, ಸಕ್ಕರೆ ಪಾಕ ನೋಡುವವರು, ಸುಮ್ಮನೆ ಕೂತು ಗಂಡಿನ ಕಡೆಯವರನ್ನು ಆಡಿಕೊಳ್ಳುವವರು. ರುಬ್ಬುವ ಯಂತ್ರ ಬೆಳಗಿನಿಂದ ನಿಂತಿರಲಿಲ್ಲ. ಮಾಳಿಗೆಯಲ್ಲಿ ಬೀರಾನ್ ಕೋಯ ಬಟ್ಟೆ ಸರಿಸಿ ಸ್ವಿಚ್ ಹಾಕಿದ. ಅಸೈನಾರನೂ ಬಂದಿದ್ದ, ಮದುವೆಮನೆಯ ತಿಂಡಿಯ ವಾಸನೆ ಅವನ ಅಂಗಡಿಯವರೆಗೂ ಹೋಗಿರಬೇಕು.

ಗುಂಯ್ ಅನ್ನುತ್ತಲೇ ಹಾಡು ಶುರುವಾಯಿತು. ಅರ್ಧಕ್ಕೆ ಬಂದಿರಬೇಕು, ಹಾಡುವವಳ ಧ್ವನಿ ಇಳಿಯುತ್ತಾ ಇಳಿಯುತ್ತಾ ಗಂಡಸಿನ ಧ್ವನಿಯಾಗಿ, ಆಮೇಲೆ ಎಮ್ಮೆಯ ಧ್ವನಿಯಾಗಿ, ನಿಂತೇ ಹೋಯಿತು. ಕೆಳಗಿನ ರುಬ್ಬುವ ಯಂತ್ರವೂ ನಿಂತಿತು.

"ಕರೆಂಟ್ ಹೋಯ್ತು," ಅಂದ ಅಸೈನಾರ್.

ಬೀರಾನ್ ಕೋಯ ಸ್ಪೀಕರಿನ ಕಡೆ ಬಾಗಿದ. ಕಿವಿ ಕೊಟ್ಟು ಕೇಳುತ್ತಿದ್ದ. ಗುಂಯ್ ಇಲ್ಲ. ಎರಡು ತಿಂಗಳಿಂದ ಕೋಣೆಯಲ್ಲಿ ತುಂಬಿದ್ದು ಪೂರ್ತಿ ಹೋಗಿತ್ತು. ಆದರೆ ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಲೇ ಇತ್ತು.

"ಕರೆಂಟ್ ಹೋದ್ರೆ ಇದು ಹೇಗೆ ಉರಿತದೆ?" ಅಂತ ಕೇಳಿದ.

ಕೆಳಗಿನಿಂದ ಗದ್ದಲ ಕೇಳಿಸಿತು. "ನಮ್ಮ ಕಡೆ ಫ್ಯೂಸ್ ಹೋಯ್ತು, ಮರಿಯಂಬಿತ್ತಾನ ಕಡೆ ಲೈಟ್ ಉಂಟು ನೋಡಿ," ಅಂತ ಯಾರೋ ಕೂಗಿ ಹೇಳುತ್ತಿದ್ದರು.

ಆ ಮನೆಯಲ್ಲಿ ಮೀಟರ್ ಎರಡು. ಅಕ್ಕತಂಗಿಯರು ಪಾಲು ಮಾಡಿಕೊಂಡಾಗ ಮರಿಯಂಬಿಯ ಕೋಣೆಗೆ ಮತ್ತು ಮಾಳಿಗೆಗೆ ಒಂದು, ಉಳಿದ ಭಾಗಕ್ಕೆ ಇನ್ನೊಂದು, ಒಂದೊಂದಕ್ಕೂ ಬೇರೆ ಅರ್ತ್ ಗುಂಡಿ. ಮಾಳಿಗೆ ಪೂರ್ತಿ ಮರಿಯಂಬಿಯ ಲೈನು ಅಂತಲೇ ಬೀರಾನ್ ಕೋಯ ತಿಳಿದಿದ್ದ. ಈಗ ಎದ್ದು ಕಿಟಕಿಯ ಹತ್ತಿರದ ಪ್ಲಗ್ಗಿನ ವಯರ್ ಹಿಡಿದು ನೋಡುತ್ತಾ ಹೋದ. ಅದು ಗೋಡೆಯಲ್ಲಿ ಕೊರೆದ ಹೊಸ ತೂತಿನಿಂದ ಹೊರಟು, ಮೆಟ್ಟಿಲ ಪಕ್ಕದಲ್ಲಿ ಇಳಿದು, ಕದೀಶಾಬಿಯ ಕೋಣೆಯ ಬೋರ್ಡಿಗೆ ಹೋಗಿ ಸೇರಿತ್ತು. ಮೊಳೆಗಳಿಗೆ ಇನ್ನೂ ತುಕ್ಕು ಹಿಡಿದಿರಲಿಲ್ಲ. ತನಗೆ ಮಾಳಿಗೆ ಕೊಡುವಾಗಲೇ ಎಳೆಸಿದ್ದು.

ಫ್ಯೂಸ್ ಕಟ್ಟಿದರು. ಗುಂಯ್ ವಾಪಸ್ ಬಂತು.

"ಆಂಪ್ಲಿಫೈಯರ್ ಒಂದು ಮನೆಯ ನೆಲಕ್ಕೆ, ಯಂತ್ರ ಇನ್ನೊಂದು ಮನೆಯ ನೆಲಕ್ಕೆ," ಅಂದ ಬೀರಾನ್ ಕೋಯ. "ನಡುವೆ ಹಾಡಿನ ವಯರ್. ಎರಡು ಅರ್ತ್ ಅದರಲ್ಲೇ ಹಗ್ಗ ಎಳಿತಾ ಉಂಟು. ಅಂಗಡಿಯಲ್ಲಿ ಎರಡೂ ಒಂದೇ ಬೋರ್ಡಿನಲ್ಲಿತ್ತು, ಅದಕ್ಕೇ ಸುಮ್ಮನಿತ್ತು."

"ನಾನು ಮೊದಲೇ ಹೇಳಿಲ್ವಾ, ಅರ್ತಿನ ಕಥೆ ಅಂತ?" ಅಸೈನಾರ್ ಎದೆಯುಬ್ಬಿಸಿದ.

"ನೀನು ಉಪ್ಪುನೀರು ಹೊಯ್ಯಿ ಅಂದೆ."

"ದಾರಿ ಸ್ವಲ್ಪ ಬೇರೆ, ಊರು ಅದೇ ಅಲ್ವಾ? ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ತಂದು ಎರಡನ್ನೂ ಒಂದೇ ಕಡೆ ಹಾಕಿದ್ರೆ ಮುಗೀತು. ನಾನು ಅಂಗಿಯೊಳಗೆ ಬಚ್ಚಿಟ್ಟು ತರ್ತೇನೆ."

ಬೀರಾನ್ ಕೋಯ ಬಾಗಿ ಆ ಹೊಸ ವಯರನ್ನು ಬೆರಳಿನಿಂದ ಸವರಿದ. ಯಾರೂ ಕೇಳದೆ, ಯಾರಿಗೂ ಹೇಳದೆ ಒಬ್ಬಳು ಗೋಡೆ ಕೊರೆಸಿ ತನಗಾಗಿ ಎಳೆಸಿದ ವಯರ್. ತಾನು ಅದರ ಸದ್ದನ್ನು ‘ಹೊರಟುಹೋಗು’ ಅಂತ ಕೇಳಿಸಿಕೊಂಡಿದ್ದ. ಕೊಬ್ಬರಿ ಮುರಿದು ಒಳಗಿನದು ಹೇಳುವ ಕಿವಿ ಇದು. ನಾಚಿಕೆಯೂ ಆಯಿತು, ಎದೆ ತುಂಬಿಯೂ ಬಂತು.

"ಬೇಡ," ಅಂದ. "ಈ ಸಲ ನಾನೇ ಕೇಳ್ತೇನೆ."

"ಯಾರ ಹತ್ರ?"

"ಮನೆಯಲ್ಲಿ."



ಬೀರಾನ್ ಕೋಯ ಮೆಟ್ಟಿಲಿಳಿದು, ನಡು ಅಂಗಳ ದಾಟಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಪುಯ್ಯಾಪ್ಳ ಅಡುಗೆಮನೆಯ ಬಾಗಿಲಿಗೆ ಬರುವುದೆಂದರೆ ಸಾಮಾನ್ಯವೇ? ಒಳಗಿನ ಮಾತು ಕತ್ತರಿಸಿದ ಹಾಗೆ ನಿಂತಿತು. ತಲೆಬಟ್ಟೆಗಳು ಒಟ್ಟಿಗೆ ಮೇಲೇರಿದವು. ಪಾಕ ನೋಡುತ್ತಿದ್ದವಳ ಸೌಟು ಗಾಳಿಯಲ್ಲೇ ಉಳಿಯಿತು. ಕದೀಶಾಬಿ ಕೈ ಒರೆಸಿಕೊಳ್ಳುತ್ತಾ ಗಾಬರಿಯಿಂದ ಬಂದಳು.

"ಎಂತ ಅಳಿಯಾಕ? ಯಾರಿಗಾದ್ರೂ ಎಂತಾದ್ರೂ ಆಯ್ತಾ?"

"ಯಾರಿಗೂ ಎಂತದೂ ಆಗಿಲ್ಲ. ನನಗೊಂದು ಎಕ್ಸ್‌ಟೆನ್ಶನ್ ಬಾಕ್ಸ್ ಬೇಕಿತ್ತು. ಉದ್ದದ ವಯರಿನದ್ದು."

"ಬೇಕಿತ್ತಾ?" ಅಂದಳು ಕದೀಶಾಬಿ. ಬಾಕ್ಸಿನ ವಿಷಯ ಅವಳ ಕಿವಿಗೆ ಬಿದ್ದಿರಲಿಲ್ಲ, ಬೇಕು ಅನ್ನುವ ಒಂದೇ ಶಬ್ದ ಬಿದ್ದಿತ್ತು.

"ಬೇಕಿತ್ತು. ಕಿಟಕಿ ಹತ್ರದ ಪ್ಲಗ್ ನಿನ್ನ ಲೈನಿಂದು ಅಂತ ನನಗೆ ಈಗಷ್ಟೇ ಗೊತ್ತಾಯ್ತು."

ಕದೀಶಾಬಿ ಎಂದಿನಂತೆ ಕಂಬದ ಕಡೆ ತಿರುಗಿದಳು. ತಪ್ಪು ಸಿಕ್ಕಿಬಿದ್ದ ಹಾಗಿತ್ತು ಅವಳ ಧ್ವನಿ.

"ಇತ್ತಾನ ಮೀಟರ್ ಜಸೀಲನ ಹೆಸರಿಗೆ ಮಾಡಿಸಬೇಕು. ಆಗ ಎಷ್ಟು ದಿನ ಲೈನ್ ಇಲ್ಲದ ಹಾಗೆ ಮಾಡ್ತಾರೋ. ಅಷ್ಟು ದಿನ ನಿಮ್ಮ ಹಾಡು ನಿಲ್ಲಬಾರ್ದು ಅಂತ ನಮ್ಮ ಕಡೆಯಿಂದ ಒಂದು ಎಳೆಸಿದೆ. ಹೇಳಿದ್ರೆ ನೀವು ಬೇಡ ಅಂತಿದ್ರಿ."

"ಬೇಡ ಅಂತಲೇ ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

"ಆ ಗುಂಯ್ ಸದ್ದು ಅದರಿಂದ. ಎರಡು ಕಡೆಯಿಂದ ಕೊಟ್ರೆ ಹಾಗಾಗ್ತದೆ. ಎಲ್ಲ ಒಂದೇ ಕಡೆಯಿಂದ ಇರಬೇಕು."

"ಅಲ್ಲಾಹ್, ನನ್ನಿಂದಲಾ? ಇಷ್ಟು ದಿನ ಹಾಡು ನಿಂತದ್ದು ನನ್ನಿಂದಲಾ?" ಕದೀಶಾಬಿಯ ಮುಖ ಬಾಡಿತು. "ಹಾಗಾದ್ರೆ ಆ ವಯರ್ ಈಗಲೇ ಕೀಳಿಸ್ತೇನೆ. ನಿಮ್ಮದೆಲ್ಲ ಇತ್ತಾನ ಲೈನಲ್ಲೇ ಇರ್ಲಿ."

"ಕೀಳಿಸ್ಬೇಡ. ಮರಿಯಂಬಿಯದ್ದು ಇನ್ನು ಜಸೀಲನಿಗೆ. ನನ್ನದು ನಿನ್ನ ಲೈನಲ್ಲಿ ಇರ್ಲಿ."

ಅಷ್ಟು ಹೇಳಿ ಬೀರಾನ್ ಕೋಯ ಹೊರಡಲಿಲ್ಲ. ಒಮ್ಮೆ ತೆರೆದ ಬಾಯಿ ಮುಚ್ಚುವ ಮುಂಚೆ ಎಲ್ಲವನ್ನೂ ಕೇಳಿಬಿಡಬೇಕು ಅನ್ನಿಸಿತು ಅವನಿಗೆ. ಹೆಗಲ ಮೇಲಿನ ತೋರ್ತು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕದೀಶಾ, ಇನ್ನೊಂದು ಬೇಕಿತ್ತು. ಮದುವೆ ಆದ ಮೇಲೂ ನಾನು ಇಲ್ಲೇ ಇರಬಹುದಾ?"

ಕದೀಶಾಬಿ ಕಂಬವನ್ನು ಬಿಟ್ಟು, ನೇರವಾಗಿ, ಎಂದೂ ನೋಡದ ಹಾಗೆ ಅವನ ಮುಖ ನೋಡಿದಳು. ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದಿತ್ತು. ಗೆದ್ದದ್ದು ಸಿಟ್ಟು.

"ಇದನ್ನು ಕೇಳ್ಲಿಕ್ಕೆ ಎರಡು ವರ್ಷ ಬೇಕಿತ್ತಾ ನಿಮಗೆ? ಮಂಚ ತಂದೆ, ನೀರು ಕಾಯಿಸಿದೆ, ಕಿವಿಗೆ ಎಣ್ಣೆ ಕೊಟ್ಟೆ. ಇನ್ನೆಂತ ಮಾಡಿದ್ರೆ ನಿಮಗೆ ಗೊತ್ತಾಗ್ತಿತ್ತು? ಕಟ್ಟಿಹಾಕ್ಬೇಕಿತ್ತಾ? ಸಾಯುವಾಗ ಇತ್ತಾ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು, ‘ಅವರು ಕೇಳೋದಿಲ್ಲ, ನೀನೇ ನೋಡಿಕೊಡು’ ಅಂತ. ನೀವು ಕೇಳದೆ ನಾನು ಎಷ್ಟು ಅಂತ ನೋಡಿಕೊಡ್ಲಿ?"

ಆಮೇಲೆ ತಲೆಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡು ಒಳಗೆ ತಿರುಗಿ, "ಯಾರಲ್ಲಿ, ಅಂಗಡಿಗೆ ಓಡಿ. ಅಳಿಯಾಕನಿಗೆ ಬಾಕ್ಸ್ ಬೇಕಂತೆ, ಇದ್ದದ್ದರಲ್ಲಿ ಒಳ್ಳೇದು ತನ್ನಿ," ಅಂದಳು. ಬೀರಾನ್ ಕೋಯ ತೋರ್ತಿನಿಂದ ಮುಖ ಒರೆಸಿಕೊಂಡ. ಆ ಮುಖದಲ್ಲಿದ್ದದ್ದು ಬೆವರು ಮಾತ್ರ ಅಲ್ಲ ಅಂತ ಎಲ್ಲ ಹೆಂಗಸರಿಗೂ ಕಂಡಿತು.

ಅಸ್ರ್ ಬಾಂಗಿನ ಹೊತ್ತಿಗೆ ಬಾಕ್ಸ್ ಬಂತು. ಎರಡು ಪ್ಲಗ್ಗುಗಳೂ ಅದರಲ್ಲಿ ಅಕ್ಕಪಕ್ಕ ಕೂತವು. ನಮಾಜು ಮುಗಿಸಿ ಬಂದು ಅವನು ಸ್ವಿಚ್ ಹಾಕಿದ. ಏನೂ ಕೇಳಿಸಲಿಲ್ಲ. ಆ ಏನೂ ಕೇಳಿಸದ್ದನ್ನು ಅವನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಮುಳ್ಳು ಇಳಿಸಿದ. ಚಟಚಟ ಸಾಸಿವೆ ಸಿಡಿಯಿತು. ಅಲ್ಹಮ್ದುಲಿಲ್ಲಾಹ್ ಅಂತ ಬಾಯಿಬಿಟ್ಟೇ ಹೇಳಿದ, ದೇವರಿಗೆ, ಮರಿಯಂಬಿಗೆ, ಅವಳ ತಂಗಿಗೆ, ಬೆಳಗಿನಿಂದ ರುಬ್ಬಿ ಫ್ಯೂಸ್ ಸುಟ್ಟ ಆ ಯಂತ್ರಕ್ಕೂ ಸೇರಿಸಿ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಕದೀಶಾಬಿ. ಕೂತ್ಕೊ ಅಂದ.

"ಒಲೆ ಮೇಲೆ ಪಾಕ ಉಂಟು," ಅಂದಳು. ಹಾಡು ಮುಗಿಯುವವರೆಗೆ ನಿಂತೇ ಕೇಳಿದಳು.

ಮದುವೆಯ ದಿನ ಹೊಸ ಪುಯ್ಯಾಪ್ಳನನ್ನು ಹೊಸ್ತಿಲಲ್ಲಿ ಕೈಹಿಡಿದು ಒಳಗೆ ಕರೆತರಲು ಮನೆಯ ಗಂಡಸು ಬೇಕು. ಕುವೈತಿನ ಅಣ್ಣನಿಗೆ ರಜೆ ಸಿಕ್ಕಿರಲಿಲ್ಲ. ಕದೀಶಾಬಿ ಯಾರನ್ನೂ ಕೇಳದೆ ಬೀರಾನ್ ಕೋಯನನ್ನು ಮುಂದೆ ನಿಲ್ಲಿಸಿದಳು. ಅಷ್ಟು ವರ್ಷದ ಹಿಂದೆ ಅದೇ ಹೊಸ್ತಿಲ ಆಚೆ, ಬೆವರಿದ ಅಂಗೈ ಚಾಚಿ ನಿಂತಿದ್ದ ಬೀರಾನ್ ಕೋಯ ಈಗ ಈಚೆ ನಿಂತು ಇನ್ನೊಂದು ಬೆವರಿದ ಅಂಗೈ ಹಿಡಿದ. ಹುಡುಗನನ್ನು ಮರಿಯಂಬಿಯ ಕೋಣೆಗೆ ಕರೆತಂದು ಕೂರಿಸಿದ. ಎದುರಿಗೆ ಇಟ್ಟ ದೊಡ್ಡ ತಟ್ಟೆಯಲ್ಲಿ ಬಗೆಬಗೆಯ ತಿಂಡಿ ತುಂಬಿತ್ತು. ಹುಡುಗ ಅದನ್ನು ನೋಡುತ್ತಾ ಕಷ್ಟಪಟ್ಟು ಉಗುಳು ನುಂಗಿದ.

"ಎಂತ ಬೇಕು ಮೋನೇ?" ಬೀರಾನ್ ಕೋಯ ಕೇಳಿದ.

"ಎಂತದೂ ಬೇಡ."

"ನಾನೂ ಇದೇ ಕೋಣೆಯಲ್ಲಿ ಕೂತು ಮೂವತ್ತು ವರ್ಷ ಹಾಗೇ ಹೇಳಿದವನು. ನೀನು ಹೇಳ್ಬೇಡ. ಬಾಯಿಬಿಟ್ಟು ಕೇಳು."

ಹುಡುಗ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಗ್ಗಿದ ಧ್ವನಿಯಲ್ಲಿ ಹೇಳಿದ. "ಸ್ವಲ್ಪ ನೀರು."

ಬೀರಾನ್ ಕೋಯ ಬಾಗಿಲಿಗೆ ಹೋಗಿ, ಇಡೀ ನಡು ಅಂಗಳಕ್ಕೆ ಕೇಳಿಸುವ ಹಾಗೆ ಒಳಗೆ ಕೂಗಿ ಹೇಳಿದ. "ಕದೀಶಾ, ನಮ್ಮ ಪುಯ್ಯಾಪ್ಳನಿಗೆ ನೀರು ಬೇಕಂತೆ."